ಅಳಿಯನ ಬೇಟೆಗೆ ಮಾವನ ಚೀಲ

ಇಲ್ಲ, ಚೀಲ ಹಸಿರಾಗಿರಲಿಲ್ಲ. ಬೂದು. ಅಥವಾ ಬೇಸಿಗೆಯಲ್ಲಿ ಒಣಗಿದ ಹುಲ್ಲಿನ ಬಣ್ಣ. ಊರಿಗೆ ಬಂದ ಮೇಲೆ ಕೇಳಿದವರಿಗೆಲ್ಲ ‘ಹಸಿರು ಚೀಲ’ ಎಂದು ಹೇಳುತ್ತ ಬಂದೆ. ಈಗ ಕಣ್ಣು ಮುಚ್ಚಿದರೆ ಹಸಿರೇ ಕಾಣುತ್ತದೆ. ಹೇಳಿದ್ದು ಕಂಡದ್ದನ್ನು ನುಂಗಿಬಿಟ್ಟಿದೆ. ಧಾರವಾಡದ ಶಾಲೆಯಲ್ಲಿ ಮೂವತ್ತು ವರ್ಷ ಚಿತ್ರಕಲೆ ಕಲಿಸಿದವಳಿಗೆ ಒಂದು ಚೀಲದ ಬಣ್ಣ ನೆನಪಿಲ್ಲ ಎಂದಮೇಲೆ, ಮುಂದಿನದನ್ನು ಎಷ್ಟು ನಂಬಬೇಕು ಎನ್ನುವುದನ್ನು ಓದುವವರೇ ತೀರ್ಮಾನಿಸಲಿ.

ತೂಕ ಮಾತ್ರ ಖಚಿತ. ಎಂಬತ್ತು ಪೌಂಡು. ನಮ್ಮ ಲೆಕ್ಕದಲ್ಲಿ ಮೂವತ್ತಾರು ಕಿಲೋ. ಅಷ್ಟನ್ನು ಬೆನ್ನ ಮೇಲೆ ಹೊತ್ತು ಗುಡ್ಡ ಹತ್ತಬಲ್ಲೆ ಎಂದು ನನ್ನ ತಮ್ಮ ತೋರಿಸಬೇಕಾಗಿತ್ತು. ಮೂರು ವಾರದೊಳಗೆ. ತನ್ನ ಅಳಿಯನ ಕಣ್ಣೆದುರು.

ಡಲ್ಲಾಸ್: ಚೀಲಗಳ ಗೋಡೆ

ತಮ್ಮ ಶಿವಾನಂದನಿಗೆ ಐವತ್ನಾಲ್ಕು. ಹುಬ್ಬಳ್ಳಿಯವನು. ಟೆಕ್ಸಸ್‌ನಲ್ಲಿ ಹಲ್ಲಿನ ಡಾಕ್ಟರರಿಗೆ ಕುರ್ಚಿ ಮಾರುವ ವ್ಯಾಪಾರ ಮಾಡುತ್ತಾನೆ, ಡಲ್ಲಾಸ್ ಪಕ್ಕದ ಫ್ರಿಸ್ಕೋದಲ್ಲಿ ಮನೆ. ಮೊಟ್ಟೆ ಹಾಕಿದ್ದಾರೆಂದು ಗುಮಾನಿ ಬಂದರೆ ಕೇಕನ್ನೂ ಮುಟ್ಟುವುದಿಲ್ಲ. ಅವನ ಮಗಳು ವಿಭಾ ಎರಡು ವರ್ಷದ ಹಿಂದೆ ಆಸ್ಟಿನ್‌ನ ಟ್ರೆವರ್‌ನನ್ನು ಮದುವೆಯಾದಳು. ಟ್ರೆವರ್ ಮರದ ಕಪಾಟು ಮಾಡುವವನು, ವರ್ಷಕ್ಕೊಮ್ಮೆ ಬೇಟೆಗೆ ಹೋಗುವವನು. ಮದುವೆಯಾದ ಹೊಸತರಲ್ಲಿ ಅತ್ತೆ ಮಾವನನ್ನು ಊಟಕ್ಕೆ ಕರೆದ. ಇವರಿಗೆ ಬೇರೆ ಪಾತ್ರೆಯಲ್ಲಿ ಬೇಳೆ ಬೇಯಿಸಿದ್ದ, ತನಗೂ ತನ್ನ ಅಪ್ಪನಿಗೂ ತಾನೇ ಹೊಡೆದ ಜಿಂಕೆಯ ಮಾಂಸ. ಆ ತಟ್ಟೆ ಮೇಜಿಗೆ ಬಂದದ್ದೇ ಶಿವಾನಂದ ಎದ್ದು ಹೊರಗೆ ಹೋಗಿ, ಎಲ್ಲರ ಊಟ ಮುಗಿಯುವತನಕ ಕಾರಿನಲ್ಲಿ ಕೂತುಬಿಟ್ಟ. ಅಂದಿನಿಂದ ಇಬ್ಬರ ನಡುವೆ ‘ಹೌ ಆರ್ ಯೂ ಸರ್’, ‘ಫೈನ್ ಫೈನ್’, ಇಷ್ಟೇ.

ನಾನು ತಮ್ಮನ ಮನೆಗೆ ಹೋಗಿ ಇಳಿದ ವಾರವೇ ಅಳಿಯನ ಮೆಸೇಜು ಬಂದಿತ್ತು. ಅವನೂ ಅವನ ಗೆಳೆಯರೂ ಸೇರಿ ನಾಲ್ವರು ಪ್ರತಿ ವರ್ಷ ಚಳಿಗೆ ಮುಂಚೆ ಕೊಲರಾಡೊ ಬೆಟ್ಟಗಳಿಗೆ ಎಲ್ಕ್ ಬೇಟೆಗೆ ಹೋಗುತ್ತಾರಂತೆ. ಎಲ್ಕ್ ಎಂದರೆ ನಮ್ಮ ಕಡವೆಯ ದೊಡ್ಡಣ್ಣ. ಕಾರು ನಿಲ್ಲಿಸಿ ಇಡೀ ದಿನ ನಡೆದರೆ ಸಿಗುವ ಕಾಡು. ಹೊಡೆದದ್ದನ್ನು ಅಲ್ಲೇ ಕೊಯ್ದು ಬೆನ್ನ ಮೇಲೆ ಹೊತ್ತು ತರಬೇಕು. ಹೊರುವವರಲ್ಲಿ ಒಬ್ಬನಿಗೆ ಮಂಡಿ ಆಪರೇಷನ್ ಆಗಿದೆ. ನೀವು ಬರುತ್ತೀರಾ ಸರ್? ಬಂದೂಕು ಮುಟ್ಟಬೇಕಿಲ್ಲ. ಆದರೆ ಎಂಬತ್ತು ಪೌಂಡು ಹೊರಲಾಗದವರನ್ನು ಕರೆದೊಯ್ಯಲಾರೆ, ಉಳಿದವರಿಗೂ ಅಪಾಯ. ಆಸ್ಟಿನ್‌ಗೆ ಬಂದು ಒಂದು ಗುಡ್ಡ ಹತ್ತಿ ತೋರಿಸಿ.

“ಜಿಂಕಿ ಮಾಂಸ ಕಂಡು ಕಾರಿನ್ಯಾಗ ಕುಂತಾಂವ ನೀನು,” ಅಂದೆ. “ಈಗ ಅದನ್ನ ಹೊರಾಕ ಹೊಂಟೀಯಾ?”

“ತಿನ್ನೂದಿಲ್ಲಕ್ಕಾ. ಹೊರಾಕ ಏನಾಗೇತಿ?” ಅಂದ. ಮೆಸೇಜನ್ನು ಮತ್ತೊಮ್ಮೆ ತೋರಿಸಿ, “ಅಂವಾ ಕರದಾನ. ಎರಡ ವರ್ಷ ಆದಮ್ಯಾಲೆ ತಾನಾಗಿ ಕರದಾನ. ನನಗ ಇನ್ನೊಮ್ಮೆ ಕಾರಿನ್ಯಾಗ ಕೂಡೂದು ಬ್ಯಾಡ.”

ಹೀಗೆ ನಾವಿಬ್ಬರೂ ಡಲ್ಲಾಸ್‌ನ ದೊಡ್ಡ ಬೇಟೆ ಸಾಮಾನಿನ ಅಂಗಡಿಗೆ ಹೋದೆವು. ಒಳಗೆ ಕಾಲಿಡುತ್ತಲೇ ಹುಲ್ಲು ತುಂಬಿದ ಕರಡಿಯೊಂದು ಎದ್ದು ನಿಂತಿತ್ತು. ಅದರ ಹಿಂದೆ ಮಹಡಿ ಎತ್ತರದ ಗೋಡೆಯ ತುಂಬ ಚೀಲಗಳು. ನನ್ನ ಎದೆ ಹೊಡೆದುಕೊಂಡದ್ದು ನೆನಪಿದೆ. ಇದರಲ್ಲಿ ಅನುಮಾನವಿಲ್ಲ. ಇವು ನಮ್ಮ ಮಕ್ಕಳು ಹೆಗಲಿಗೆ ಏರಿಸುವ ಚೀಲಗಳಲ್ಲ, ಅಸ್ಥಿಪಂಜರವಿರುವ ಚೀಲಗಳು. ಬೆನ್ನ ಕಡೆ ಅಲ್ಯೂಮಿನಿಯಂ ಚೌಕಟ್ಟು, ಕೆಲವಕ್ಕೆ ಕಡ್ಡಿಯಷ್ಟು ಹಗುರವಾದ ಕಾರ್ಬನ್ ಚೌಕಟ್ಟು. ಕೆಳಗೆ ಅಂಗೈಯಗಲದ ದಪ್ಪ ಸೊಂಟಪಟ್ಟಿ. ಎಲ್ಲೆಲ್ಲೂ ಎಳೆಯುವ, ಬಿಗಿಯುವ, ಸಡಿಲಿಸುವ ಪಟ್ಟಿಗಳು. ಒಂದು ಚೀಲವನ್ನಂತೂ ಬಟ್ಟೆಗೆ ಬಟ್ಟೆ ಉಜ್ಜಿದರೂ ಸದ್ದಾಗದ ಹಾಗೆ ಮಾಡಿದ್ದರು, ಪ್ರಾಣಿಗೆ ಕೇಳಬಾರದಲ್ಲ. ನಾನು ಕಿವಿಯ ಹತ್ತಿರ ಹಿಡಿದು ಉಜ್ಜಿ ಉಜ್ಜಿ ನೋಡಿದೆ.

ತೋರಿಸಿದವಳು ತೋಳಿನ ತುಂಬ ಮೀನಿನ ಹಚ್ಚೆ ಹಾಕಿಸಿಕೊಂಡ ಹುಡುಗಿ. ಶಿವಾನಂದ ಅವಳೆದುರು ಹುಬ್ಬಳ್ಳಿಯ ಸೀರೆ ಅಂಗಡಿಯಲ್ಲಿ ಕೂತವನ ಹಾಗೆಯೇ ವರ್ತಿಸಿದ. ಅದನ್ನು ತೋರಿಸಿ, ಅದರ ಪಕ್ಕದ್ದು, ಅದರಲ್ಲೇ ಬೇರೆ ಬಣ್ಣ, ಮೊದಲು ತೋರಿಸಿದ್ದು ಇನ್ನೊಮ್ಮೆ. ಅವಳಿಗೆ ಬೇಸರವೇ ಇಲ್ಲ. ಪ್ರತಿಯೊಂದನ್ನೂ ತಾನೇ ಹಾಕಿಕೊಂಡು ತಿರುಗಿ ತೋರಿಸಿದಳು. ಆಮೇಲೆ ಒಂದು ಚೀಲದ ಪಕ್ಕದ ಪಟ್ಟಿಗಳನ್ನು ಬಿಚ್ಚಿದಳು. ಚೀಲ ಪುಸ್ತಕದ ಹಾಗೆ ಚೌಕಟ್ಟಿನಿಂದ ತೆರೆದುಕೊಂಡಿತು. ನಡುವೆ ಕೆಳಗಡೆ ಪುಟ್ಟ ಅಟ್ಟದಂಥದ್ದು. ಅದರ ಮೇಲೆ ಮರಳಿನ ಮೂಟೆ ಇಟ್ಟು, ಚೀಲವನ್ನು ಮತ್ತೆ ಅದಕ್ಕೆ ಒತ್ತಿ ಬಿಗಿದಳು. ಮಾಂಸ ಇಲ್ಲಿ, ಬೆನ್ನಿಗೂ ಚೀಲಕ್ಕೂ ನಡುವೆ, ಅಂದಳು.

ಶಿವಾನಂದ ಮುಂದಕ್ಕೆ ಬಾಗಿದ. ನನ್ನ ಕಡೆ ತಿರುಗಿ ಕನ್ನಡದಲ್ಲಿ, “ಅಂದ್ರ ಅಕ್ಕಾ, ಚೀಲದ ಒಳಗ ಬರೂದ ಇಲ್ಲ! ಮಾಂಸ ಹೊರಗ, ನನ್ನ ಅವಲಕ್ಕಿ ಒಳಗ.”

“ಮಡಿಚೀಲ ಅನ್ನು.”

“ಹೌದ್ನೋಡು, ಮಡಿಚೀಲ! ಇದ ಆತು. ಇದ ಬೇಕು.”

ಅಮೆರಿಕದ ಬೇಟೆಗಾರರು ರಕ್ತ ಸೋರಿ ಬಟ್ಟೆ ಕೆಡಬಾರದೆಂದು ಕಂಡುಕೊಂಡ ಉಪಾಯ ಹುಬ್ಬಳ್ಳಿಯ ಲಿಂಗಾಯತನೊಬ್ಬನ ಅಡುಗೆಮನೆಯ ನೇಮಕ್ಕೆ ಅಷ್ಟು ಸರಿಯಾಗಿ ಕೂತದ್ದು ಕಂಡು ನಾನು ಅಂಗಡಿಯಲ್ಲೇ ಜೋರಾಗಿ ನಕ್ಕೆ. ಕರಡಿಯ ಹತ್ತಿರ ನಿಂತಿದ್ದ ದಂಪತಿ ತಿರುಗಿ ನೋಡಿದರು.

ಹುಡುಗಿ ಅಳತೆಪಟ್ಟಿ ತಂದು, ನಿಮ್ಮ ಬೆನ್ನು ಅಳೆಯಲೇ ಎಂದು ಕೇಳಿದಳು. ಅಕ್ಕನ ಮುಂದೆ ಹರೆಯದ ಹುಡುಗಿಯಿಂದ ಸೊಂಟ ಮುಟ್ಟಿಸಿಕೊಳ್ಳಲು ಇವನಿಗೆ ನಾಚಿಕೆ. ಬೇಡ ಬೇಡ, ಆರಡಿ ಇದ್ದೇನೆ, ಎಲ್ಲಕ್ಕಿಂತ ದೊಡ್ಡ ಚೌಕಟ್ಟು ಕೊಡು ಎಂದ. ಕೊಟ್ಟಳು.

ಫ್ರಿಸ್ಕೋ: ನಾಲ್ಕು ಚೀಲ ಸೋನಾ ಮಸೂರಿ

ಎಂಬತ್ತು ಪೌಂಡನ್ನು ಎಲ್ಲಿಂದ ತರುವುದು? ನಾನು ಇಟ್ಟಿಗೆ ಅಂದೆ. ಶಿವಾನಂದ ಹತ್ತಿರದ ಇರ್ವಿಂಗ್ ಊರಿನ ಇಂಡಿಯನ್ ಅಂಗಡಿಗೆ ಹೋಗಿ ಇಪ್ಪತ್ತು ಪೌಂಡಿನ ನಾಲ್ಕು ಅಕ್ಕಿಚೀಲ ತಂದ. ಅವನ ಹೆಂಡತಿ ರೇಖಾ ಮೈಸೂರಿನವಳು, ಮಾತಿನಲ್ಲಿ ಚುರುಕು.

“ಏನ್ರೀ ಇದು? ಸ್ಲಿಪ್ ಡಿಸ್ಕ್ ಆಗಿ ಮೂರು ತಿಂಗ್ಳು ನೆಲದ್ ಮೇಲೆ ಮಲ್ಗಿದ್ದು ಮರ್ತೇ ಹೋಯ್ತಾ? ಅತ್ತಿಗೆ, ನೀವಾದ್ರೂ ಹೇಳ್ಬಾರ್ದಾ?”

“ನಾನೇ ಚೀಲ ಆರಿಸಿಕೊಟ್ಟೀನವಾ,” ಅಂದೆ.

“ಸರಿಹೋಯ್ತು. ಅಕ್ಕನೂ ತಮ್ಮನೂ ಸೇರ್ಕೊಂಡು ಬೇಟೆ ಆಡಿ. ಅಕ್ಕಿಚೀಲ ಒಡೆದ್ರೆ ಮಾತ್ರ ಒಂದೊಂದ್ ಕಾಳೂ ನೀವೇ ಆರಿಸ್ಬೇಕು.”

ಅವಳು ಬೈದದ್ದು ನಿಜ. ಆದರೆ ಚೀಲ ತುಂಬುವಾಗ ಸುಮ್ಮನಿರಲು ಅವಳಿಂದ ಆಗಲಿಲ್ಲ. ಇಪ್ಪತ್ತೈದು ವರ್ಷ ಊರಿಗೆ ಹೋಗಿಬರುವ ಸೂಟ್‌ಕೇಸು ತುಂಬಿದ ಕೈ ಅದು. ವಿಮಾನದವರ ಮಿತಿಗೆ ನೂರು ಗ್ರಾಂ ಕೂಡ ಹೆಚ್ಚಾಗದಂತೆ ತುಂಬುವುದು ಈ ಮನೆಗಳಲ್ಲಿ ಒಂದು ವಿದ್ಯೆ. ಗಾಲಿಯ ಕಡೆ ಭಾರ, ಮೇಲೆ ಬಟ್ಟೆ, ಸಂದಿನಲ್ಲಿ ಚಾಕೊಲೇಟು, ಕೊನೆಗೆ ಕೈತಕ್ಕಡಿಗೆ ನೇತುಹಾಕಿ ಉಸಿರು ಹಿಡಿದು ನೋಡುವುದು. ಆ ವಿದ್ಯೆಯೆಲ್ಲ ಈಗ ಬೇಟೆಚೀಲಕ್ಕೆ ಇಳಿಯಿತು. ನಾಲ್ಕೂ ಅಕ್ಕಿಚೀಲ ತಳದಲ್ಲಿ, ಅದರ ಮೇಲೆ ದಿಂಬು, ಅಲ್ಲಾಡದಂತೆ ಸುತ್ತ ಟವೆಲ್ಲು. ರೇಖಾ ಝಿಪ್ಪು ಎಳೆದು ಎರಡು ಸಲ ತಟ್ಟಿದಳು, ಏರ್‌ಪೋರ್ಟಿಗೆ ಕಳಿಸುವವರ ಹಾಗೆ.

ನಾನು ಒಂದು ಕಡೆ, ಅವಳು ಒಂದು ಕಡೆ ಎತ್ತಿ ಹಿಡಿದು ಅವನ ಬೆನ್ನಿಗೇರಿಸಿದೆವು. ಬೆಳಿಗ್ಗೆ ಏಳಕ್ಕೇ ಸುಡುವ ಬಿಸಿಲು. ಒಂದೇ ಅಚ್ಚಿನ ಮನೆಗಳ ಬೀದಿ, ನಡೆಯುವವರು ಒಬ್ಬರೂ ಇಲ್ಲ. ಮುಂದೆ ಅವನು, ಹಿಂದೆ ನಾನು, ಹತ್ತು ಮನೆ ದಾಟಿದ್ದೆವೋ ಹದಿನೈದೋ. ಪಕ್ಕದಲ್ಲಿ ಕಾರೊಂದು ನಿಧಾನವಾಗಿ ನಿಂತಿತು. ರೇಖಾಳ ಸಂಗೀತ ಕ್ಲಾಸಿಗೆ ಮೊಮ್ಮಗಳನ್ನು ಬಿಡಲು ಬರುವ ಪ್ರಸಾದ್ ಅಂಕಲ್.

“ಏನಪ್ಪಾ ಶಿವಾನಂದ, ಮನೆ ಬಿಟ್ಟು ಹೊರಟೇಬಿಟ್ಯಾ? ರೇಖಾ ಓಡಿಸಿದ್ಲಾ? ಹತ್ತು, ಏರ್‌ಪೋರ್ಟಿಗೆ ಬಿಡ್ತೀನಿ.”

“ಇಲ್ರೀ ಅಂಕಲ್, ಬೇಟೆಗ್ರಿ—” ಎಂದು ಶಿವಾನಂದ ಗೌರವದಿಂದ ಅವರ ಕಡೆ ತಿರುಗಿದ. ತಿರುಗಿದ್ದೇ ತಪ್ಪಾಯಿತು. ತಳದ ಅಕ್ಕಿ ಅವನನ್ನು ಹಿಂದಕ್ಕೆ ಜಗ್ಗಿತು. ಎರಡು ಹೆಜ್ಜೆ ಹಿಂದೆ, ಮೂರು ಹೆಜ್ಜೆ, ಆಮೇಲೆ ಯಾರದೋ ಹುಲ್ಲುಹಾಸಿನ ಮೇಲೆ ಅಂಗಾತ. ಮಗುಚಿಬಿದ್ದ ಆಮೆ ಕಾಲು ಬಡಿಯುವ ಹಾಗೆ ಆರಡಿ ಮನುಷ್ಯ ಕಾಲು ಬಡಿದ. ನಾನೂ ಅಂಕಲ್ಲೂ ಸೇರಿ ಪಟ್ಟಿ ಬಿಚ್ಚಿದೆವು. ಬೆನ್ನಿಗೆ ಏನೂ ಆಗಿರಲಿಲ್ಲ. ಮುಖ ಮಾತ್ರ ನೋಡುವ ಹಾಗಿರಲಿಲ್ಲ. “ಅಳಿಯನ ಮುಂದ ಹಿಂಗ ಬಿದ್ರ...” ಅಂದ.

ಅಂಗಡಿಯ ಹುಡುಗಿಗೆ ಫೋನ್ ಮಾಡಿದೆವು. ಅವಳು ನಗಲಿಲ್ಲ, ಅಥವಾ ಫೋನನ್ನು ದೂರ ಹಿಡಿದು ನಕ್ಕಳು. ಹ್ಯೂಸ್ಟನ್‌ನಲ್ಲಿ ವೇಡ್ ಎಂಬ ಮುದುಕನಿದ್ದಾನೆ, ನನಗೆ ಈ ಕೆಲಸ ಕಲಿಸಿದವನು, ಚೀಲ ತೆಗೆದುಕೊಂಡು ಅವನ ಹತ್ತಿರ ಹೋಗಿ ಎಂದಳು.

ಹ್ಯೂಸ್ಟನ್: ಹದಿನೇಳೂವರೆ ಇಂಚು

ಡಲ್ಲಾಸ್‌ನ ಬಿಸಿಲು ಒಣಗಿಸುತ್ತದೆ, ಹ್ಯೂಸ್ಟನ್‌ನ ಬಿಸಿಲು ಬೇಯಿಸುತ್ತದೆ. ಕಾರಿನ ಬಾಗಿಲು ತೆರೆದರೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ. ರೇಖಾ ಬರಲಿಲ್ಲ. ಅಕ್ಕಿಚೀಲಗಳು ಮಾತ್ರ ಚೀಲದೊಳಗೆ ಇದ್ದಂತೆಯೇ ಬಂದಿದ್ದವು.

ವೇಡ್‌ನ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿಲ್ಲ. ಮೂರು ಹೊಲಿಗೆ ಯಂತ್ರ, ಮೊಳೆಗೆ ತೂಗುಬಿಟ್ಟ ಹಳೆಯ ಚೌಕಟ್ಟುಗಳು, ಮೂಲೆಯಲ್ಲಿ ಜಿಂಕೆಗೆ ಹಾಕುವ ಮೆಕ್ಕೆಜೋಳದ ಮೂಟೆಗಳು. ಅವನು ಶಿವಾನಂದನ ಚೀಲ ತೆರೆದು, ದಿಂಬು ತೆಗೆದು, ಟವೆಲ್ಲು ತೆಗೆದು, ತಳದ ಅಕ್ಕಿಯನ್ನು ಬೆರಳಿನಿಂದ ಒತ್ತಿ ನೋಡಿದ.

“ಇಷ್ಟು ಅಚ್ಚುಕಟ್ಟಾಗಿ ಇಷ್ಟು ತಪ್ಪು ಮಾಡಿದ್ದನ್ನು ನಾನು ನೋಡಿಲ್ಲ. ಯಾರು ಕಲಿಸಿದರು?”

“ವಿಮಾನ,” ಎಂದೆ ನಾನು, ನನ್ನ ಮುರುಕು ಇಂಗ್ಲಿಷಿನಲ್ಲಿ. ಅವನಿಗೆ ಅರ್ಥವಾಗಲಿಲ್ಲ. ಶಿವಾನಂದ ಸೂಟ್‌ಕೇಸಿನ ಕತೆ ಬಿಡಿಸಿ ಹೇಳಿದ ಮೇಲೆ ಮುದುಕ ಕೆಮ್ಮು ಬರುವಷ್ಟು ನಕ್ಕ. ಗಾಲಿಯಿದ್ದರೆ ಭಾರ ಕೆಳಗೆ ಇರಬಹುದು, ಬೆನ್ನ ಮೇಲಾದರೆ ಮೇಲೆ ಇರಬೇಕು, ಬೆನ್ನೆಲುಬಿಗೆ ಅಂಟಿಕೊಂಡು, ಎರಡು ಹೆಗಲೆಲುಬಿನ ನಡುವೆ. ತಳಕ್ಕೆ ಹಾಸಿಗೆಯಂಥ ಹಗುರದ್ದು, ಎಂದ.

ಆಮೇಲೆ ಅಳತೆ. ತಲೆ ಬಗ್ಗಿಸಿದರೆ ಕತ್ತಿನ ಬುಡದಲ್ಲಿ ಎದ್ದು ಕಾಣುವ ಎಲುಬು ಒಂದು ತುದಿ. ಸೊಂಟದ ಮೇಲೆ ಕೈಯಿಟ್ಟು ನಿಂತರೆ ಹಿಂದೆ ಹೆಬ್ಬೆರಳುಗಳು ಎದುರುಬದುರಾಗುವ ಜಾಗ ಇನ್ನೊಂದು ತುದಿ. ಮುದುಕನಿಂದ ಮುಟ್ಟಿಸಿಕೊಳ್ಳಲು ಶಿವಾನಂದನಿಗೆ ನಾಚಿಕೆಯಾಗಲಿಲ್ಲ. ಹದಿನೇಳೂವರೆ ಇಂಚು. ಕೊಂಡ ಚೌಕಟ್ಟು ಇಪ್ಪತ್ತೊಂದು ಇಂಚಿನ ಬೆನ್ನಿನವರದು.

“ನಿನ್ನ ಎತ್ತರವೆಲ್ಲ ಕಾಲಿನಲ್ಲಿದೆ,” ಎಂದ ವೇಡ್. “ಚೀಲ ಕಾಲನ್ನು ಕೇಳುವುದಿಲ್ಲ.”

ನನ್ನದನ್ನೂ ಅಳೆಯಿರಿ ಎಂದೆ. ಯಾಕೆ ಎಂದು ಅವರಿಬ್ಬರೂ ಕೇಳಲಿಲ್ಲ, ನನಗೂ ಗೊತ್ತಿರಲಿಲ್ಲ. ಹದಿನೆಂಟು! ಐದಡಿ ಎರಡು ಇಂಚಿನ ನನ್ನ ಬೆನ್ನು ಆರಡಿ ತಮ್ಮನ ಬೆನ್ನಿಗಿಂತ ಉದ್ದ. ಅರವತ್ತೊಂದು ವರ್ಷ ಇದನ್ನು ತಿಳಿಯದೆ ಬದುಕಿದ್ದೆ.

“ಅಕ್ಕಾ, ಹಂಗಾರ ನೀನ ಹೋಗು ಬೇಟೆಗೆ.”

“ಹೋಗ್ತೀನಿ. ಕರದ್ರ ಹೋಗ್ತೀನಿ!”

ತಮಾಷೆಗೆ ಹೇಳಲಿಲ್ಲ. ವೇಡ್ ಒಂದು ಅಕ್ಕಿಚೀಲ ಹಾಕಿ ನನಗೂ ಏರಿಸಿದ. ಸೊಂಟಪಟ್ಟಿಯನ್ನು ಎಲುಬಿನ ಮೇಲೆ ಕೂರಿಸಿ ಬಿಗಿದ, ಹೆಗಲ ಪಟ್ಟಿ ಸಡಿಲಿಸಿದ. ಭಾರ ಸೊಂಟಕ್ಕೆ, ಹೆಗಲು ಬರೀ ಹಿಡಿದುಕೊಳ್ಳುವುದಕ್ಕೆ. ಕೊಡ ಹೊತ್ತ ಹೆಂಗಸರಿಗೆ ಇದನ್ನು ಯಾರೂ ಹೇಳಿಕೊಟ್ಟಿಲ್ಲ. ಗ್ಯಾರೇಜಿನಿಂದ ಬೀದಿಗೆ, ಬೀದಿಯಿಂದ ಗ್ಯಾರೇಜಿಗೆ ಮೂರು ಸುತ್ತು ಹೊಡೆದೆ. ಎರಡೂ ಕೈ ಖಾಲಿ! ಸಂತೆಯಿಂದ ಕೈಚೀಲ ಹಿಡಿದು ಬೆರಳು ಕೊಯ್ಯಿಸಿಕೊಂಡ ಅಷ್ಟೂ ವರ್ಷಗಳ ಮೇಲೆ ಸಿಟ್ಟು ಬಂತು.

ವೇಡ್ ದೊಡ್ಡ ಚೌಕಟ್ಟನ್ನು ತಾನಿಟ್ಟುಕೊಂಡು, ಸರಿ ಅಳತೆಯ ಹಳೆಯದೊಂದನ್ನು ಅದೇ ಚೀಲಕ್ಕೆ ಜೋಡಿಸಿಕೊಟ್ಟ. ಜೋಳದ ಮೂಟೆ ಕಟ್ಟಿ, ಒಬ್ಬನೇ ಏಳುವುದನ್ನು ಹೇಳಿಕೊಟ್ಟ. ಮೊದಲು ಕೂತು ಪಟ್ಟಿಗಳೊಳಗೆ ತೋಳು ತೂರಿಸಬೇಕು, ಪಕ್ಕಕ್ಕೆ ಹೊರಳಿ ಮಂಡಿಯೂರಬೇಕು, ಆಮೇಲೆ ಏಳಬೇಕು. ಶಿವಾನಂದ ಅಂದು ಎಷ್ಟು ಸಲ ಎದ್ದ? ಆರು ಸಲ ಎಂದು ನನ್ನ ಲೆಕ್ಕ. ಆದರೆ ನನ್ನ ಹಾಳೆಯಲ್ಲಿ ಬರೀ ಆರು ಗೀಟು ಇವೆ, ಅವು ಎದ್ದದ್ದಕ್ಕೋ ಬಿದ್ದದ್ದಕ್ಕೋ ಬರೆದಿಲ್ಲ.

ಹೊರಡುವಾಗ ವೇಡ್ ಕೇಳಿದ: “ನಿನ್ನ ಅಳಿಯ ಹುಡುಗ ಒಳ್ಳೆಯವನೇ?”

“ಗೊತ್ತಿಲ್ಲ,” ಎಂದ ಶಿವಾನಂದ. “ತಿಳಿಯುವುದಕ್ಕೇ ಹೋಗುತ್ತಿದ್ದೇನೆ.” ಈ ಎರಡನೆಯ ಮಾತನ್ನು ಅವನು ಆಡಿದನೋ, ಆಡಬೇಕಿತ್ತೆಂದು ಆಮೇಲೆ ನಾನು ಸೇರಿಸಿದೆನೋ, ಹೇಳಲಾರೆ.

ಆಸ್ಟಿನ್: ಒಂಬತ್ತು ಡಬ್ಬಿ ನೀರು

ಎರಡು ವಾರ ಶಿವಾನಂದ ಫ್ರಿಸ್ಕೋದ ಬೀದಿಗಳಲ್ಲಿ ಬೆಳಗಿನ ಹೊತ್ತು ಅಕ್ಕಿ ಹೊತ್ತು ನಡೆದ. ಇಪ್ಪತ್ತು ಪೌಂಡು, ನಲವತ್ತು, ಅರವತ್ತು. ಎಂಬತ್ತನ್ನು ಎರಡೇ ಸಲ, ಸಮತಟ್ಟಾದ ನೆಲದಲ್ಲಿ. ಫ್ರಿಸ್ಕೋದಲ್ಲಿ ಗುಡ್ಡವೆಲ್ಲಿದೆ?

ಆಸ್ಟಿನ್‌ನಲ್ಲಿದೆ. ಊರಿನ ಪಶ್ಚಿಮಕ್ಕೆ ಸುಣ್ಣದಕಲ್ಲಿನ ಬೆಳ್ಳನೆಯ ಗುಡ್ಡಗಳು, ಮೈತುಂಬ ಗಿಡ್ಡ ಸೀಡರ್ ಮರಗಳು. ನಾವು ಬುಡಕ್ಕೆ ಹೋದಾಗ ಟ್ರೆವರ್ ನೀರಿನ ಡಬ್ಬಿಗಳನ್ನು ಸಾಲಾಗಿ ಇಟ್ಟುಕೊಂಡು ಕಾಯುತ್ತಿದ್ದ. ಎತ್ತರದ, ಕೆಂಪು ಗಡ್ಡದ, ಮಾತು ಕಡಿಮೆಯ ಹುಡುಗ. ಒಂಬತ್ತು ಡಬ್ಬಿ ತುಂಬಿದರೆ ಚೀಲದ ತೂಕವೂ ಸೇರಿ ಎಂಬತ್ತು ಪೌಂಡು. ತುದಿಗೆ ಹೋದ ಮೇಲೆ ನೀರು ಚೆಲ್ಲಿಬಿಡುವುದು ಇಲ್ಲಿನವರ ಪದ್ಧತಿಯಂತೆ. ಹತ್ತುವಾಗ ಭಾರ ಸರಿ, ಇಳಿಯುವಾಗ ಮಂಡಿ ಹಾಳಾಗಬಾರದು.

ವಿಭಾ ನನ್ನ ತೋಳು ಹಿಡಿದುಕೊಂಡಿದ್ದಳು. “ಅತ್ತಿ, ಅಪ್ಪ ಈಸ್ ಸೋ ನರ್ವಸ್. ಟ್ರೆವರ್ ಟೂ. ಐ ಕಾಂಟ್ ವಾಚ್ ದಿಸ್.”

“ನೋಡಬ್ಯಾಡ. ನಾ ನೋಡಿ ಹೇಳ್ತೀನಿ.”

“ಯೂ ಪ್ರಾಮಿಸ್?”

ಪ್ರಾಮಿಸ್ ಎಂದೆ. ಅವಳು ಹೋಗಿ ಕಾರಿನಲ್ಲಿ ಕೂತು ಎ.ಸಿ. ಹಾಕಿಕೊಂಡಳು.

ಶಿವಾನಂದ ನೆಲದ ಮೇಲೆ ಕೂತ. ತೋಳು ತೂರಿಸಿದ. ಹೊರಳಿದ. ಮಂಡಿಯೂರಿದ. ಮೊದಲ ಸಲ ಏಳಲಾಗಲಿಲ್ಲ. ಟ್ರೆವರ್‌ನ ಕೈ ಮುಂದಕ್ಕೆ ಬಂದು ಅರ್ಧದಲ್ಲಿ ನಿಂತಿತು. ಎರಡನೆಯ ಸಲ ಶಿವಾನಂದ ಒಂದು ಸದ್ದು ಮಾಡಿ ಎದ್ದ. ನಿಂತ! ನಾನು ಚಪ್ಪಾಳೆ ತಟ್ಟಿದೆ. ಟ್ರೆವರ್ ಅವನ ಸುತ್ತ ಒಂದು ಸುತ್ತು ಬಂದು, ಇದನ್ನು ಯಾರು ಅಳತೆ ಮಾಡಿಕೊಟ್ಟರು ಎಂದು ಕೇಳಿದ. ಆಮೇಲೆ “ಮೇ ಐ, ಸರ್?” ಎಂದು ಬಗ್ಗಿ ಸೊಂಟಪಟ್ಟಿಯನ್ನು ಇನ್ನೊಂದು ಅಂಗುಲ ಬಿಗಿದ, ಹೆಗಲ ಮೇಲಿನ ಪಟ್ಟಿಗಳನ್ನು ಎರಡೂ ಕೈಯಲ್ಲಿ ಮುಂದಕ್ಕೆ ಎಳೆದ. ಮದುವೆಯಲ್ಲಿ ಇವನ ಕಾಲು ಶಿವಾನಂದ ತೊಳೆದಿದ್ದ. ಅದಾದ ಮೇಲೆ ಅವರು ಒಬ್ಬರನ್ನೊಬ್ಬರು ಮುಟ್ಟಿದ್ದು ಇದೇ ಮೊದಲಿರಬೇಕು.

ಹೊರಟರು. ಮೊದಲ ತಿರುವಿನತನಕ ನನಗೆ ಎಲ್ಲವೂ ಸ್ಪಷ್ಟ. ಮುಂದೆ ಬರಿಗೈಯ ಟ್ರೆವರ್, ಹಿಂದೆ ಶಿವಾನಂದ. ಚೀಲ ಎಷ್ಟು ದೊಡ್ಡದೆಂದರೆ ಹಿಂದಿನಿಂದ ನೋಡಿದರೆ ತಲೆ ಕಾಣುವುದಿಲ್ಲ, ಚೀಲಕ್ಕೇ ಕಾಲು ಬಂದ ಹಾಗೆ. ಹತ್ತು ಹೆಜ್ಜೆ, ನಿಲ್ಲುವುದು. ಹತ್ತು ಹೆಜ್ಜೆ, ನಿಲ್ಲುವುದು. ಎರಡನೆಯ ತಿರುವಿನಲ್ಲಿ ಮರಗಳು ದಟ್ಟ. ಅಲ್ಲಿ ಇಬ್ಬರೂ ಮರೆಯಾದರು. ಬಹಳ ಹೊತ್ತು ಹೊರಗೆ ಬರಲಿಲ್ಲ. ನಾನು ಮೇಲೆ ಹತ್ತಲೇ ಎಂದು ನಾಲ್ಕು ಹೆಜ್ಜೆ ಇಟ್ಟೆ, ಚಪ್ಪಲಿ ಜಾರಿತು, ವಾಪಸು ಬಂದೆ. ಆಮೇಲೆ ಮೂರನೆಯ ತಿರುವಿನಲ್ಲಿ, ಪೊದೆಗಳ ಮೇಲೆ, ಚೀಲ ಕಂಡಿತು. ಕಾಲುಗಳು ಕಾಣಲಿಲ್ಲ. ಚೀಲ ಮೊದಲಿಗಿಂತ ಬೇಗ ನಡೆಯುತ್ತಿತ್ತು. ಎಲ್ಲಿಯೂ ನಿಲ್ಲಲಿಲ್ಲ.

ಒಂದೂವರೆ ಗಂಟೆಯ ಮೇಲೆ ಇಳಿದು ಬಂದರು. ಖಾಲಿ ಚೀಲ ಶಿವಾನಂದನ ಬೆನ್ನ ಮೇಲೆ, ಡಬ್ಬಿಗಳು ಒಳಗೆ ಗಡಗಡ ಎನ್ನುತ್ತಿದ್ದವು. ಸೆಕೆಗೆ ನೀರನ್ನು ತಲೆಯ ಮೇಲೇ ಸುರಿದುಕೊಂಡಿದ್ದರು. ಇಬ್ಬರ ಅಂಗಿಯೂ ತೊಯ್ದು ಮೈಗಂಟಿತ್ತು, ಯಾರು ಎಷ್ಟು ಬೆವತರು ಎಂದು ನೋಡಲು ದಾರಿಯಿರಲಿಲ್ಲ. ಇಬ್ಬರೂ ಯಾವುದಕ್ಕೋ ನಗುತ್ತಿದ್ದರು. ನನ್ನನ್ನು ಕಂಡು ನಿಲ್ಲಿಸಿದರು.

ವಿಭಾ ಕಾರಿನಿಂದ ಓಡಿ ಬಂದಳು. ಟ್ರೆವರ್ ಅವಳಿಗೆ ಹೇಳಿದ್ದು ಒಂದೇ ಮಾತು: “ನಿನ್ನ ಅಮ್ಮನಿಗೆ ಹೇಳು, ಅಪ್ಪನಿಗೆ ಉಣ್ಣೆಯ ಸಾಕ್ಸ್ ಬೇಕು. ಕೊಲರಾಡೊ ಬೆಟ್ಟದ ಮೇಲೆ ಚಳಿ.”

ವಿಭಾ ಅಳತೊಡಗಿದಳು. ನಾನೂ.

ಊಟಕ್ಕೆ ಕೂತಾಗ ತಮ್ಮನನ್ನು ಕೇಳಿದೆ. “ಪೂರಾ ನೀನ ಹೊತ್ತೇನೋ?”

“ಚೀಲ ಮ್ಯಾಲ ಹೋತಿಲ್ಲೋ?” ಅಂದ. ಅನ್ನಕ್ಕೆ ಮೊಸರು ಹಾಕಿಕೊಂಡ.

ಟ್ರೆವರ್ ಪಾತ್ರೆ ತೊಳೆಯುವಾಗ ಪಕ್ಕದಲ್ಲಿ ನಿಂತು ಅವನನ್ನೂ ಕೇಳಿದೆ. ಅವನು ಒಂದು ತಟ್ಟೆಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಉಜ್ಜಿದ. “ನೀರು ಮೇಲೆ ತಲುಪಿತು, ಆಂಟಿ,” ಎಂದ.

ವಿಭಾಗೆ ನೋಡಿ ಹೇಳುತ್ತೇನೆ ಎಂದು ಮಾತು ಕೊಟ್ಟಿದ್ದೆ. ಹೇಳಿದ್ದೇನೆ ಕೂಡ, ಅಪ್ಪನೇ ಹೊತ್ತ ಎಂದು, ತುದಿಯತನಕ ಎಂದು. ಎರಡನೆಯ ತಿರುವಿನ ಮರಗಳ ಹಿಂದೆ ಏನಾಯಿತು, ಮೂರನೆಯ ತಿರುವಿನಲ್ಲಿ ಆ ಚೀಲದ ಕೆಳಗೆ ಯಾರಿದ್ದರು ಎನ್ನುವುದು ನನಗೆ ಗೊತ್ತಿಲ್ಲ.